ಖಡಕ್ ರೊಟ್ಟಿಯಂಥ ಲ್ಯಾಪ್‌ಟಾಪು: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಎರಡು ಸಂಚಿಕೆ ಹಿಂದೆ ಇದೇ ಅಂಕಣದ ಕೊನೆಯಲ್ಲಿ, ನಾನೊಂದು ತೆಳು ಲ್ಯಾಪ್‌ಟಾಪ್ ತಗೊಂಡಿದ್ದೇನೆ ಅಂತ ಸುಮ್ನೆ ಎರಡು ಸಾಲು ಬರೆದಿದ್ದೆ. ಅಷ್ಟಕ್ಕೇ ಇಷ್ಟೊಂದು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಅದರ ತೂಕ 1.2 ಕಿಲೋ. ಮುಚ್ಚಿಟ್ಟರೆ ದಪ್ಪ ಒಂದೂವರೆ ಸೆಂಟಿಮೀಟರ್. ಧಾರವಾಡದ ಮನೆಗೆ ತಂದ ದಿನ ನಮ್ಮ ಅವ್ವ ಎರಡು ಬೆರಳಲ್ಲಿ ಎತ್ತಿ ನೋಡಿ, "ಖಡಕ್ ರೊಟ್ಟಿ ಇದ್ದಂಗ ಐತಲ್ಲೋ, ಮುರದ್ ಗಿರದೀತು" ಅಂದಳು. ಎಂಟು ತಿಂಗಳಾಯಿತು, ಮುರಿದಿಲ್ಲ. ಹಾಗಂತ ಅವ್ವನ ಮಾತು ಪೂರ್ತಿ ಸುಳ್ಳೂ ಅಲ್ಲ. ಬಂದ ಪತ್ರಗಳಲ್ಲಿ ಕೆಲವನ್ನು ಆರಿಸಿ ಉತ್ತರ ಬರೆದಿದ್ದೇನೆ.

ನಾನಿರುವುದು ಧಾರವಾಡದ ಸಪ್ತಾಪುರ, ಕೆಲಸ ಹುಬ್ಬಳ್ಳಿಯಲ್ಲಿ. ದಿನಾ ಓಡಾಟ. ಈಗಿರುವುದು 15 ಇಂಚಿನ ದಪ್ಪ ಲ್ಯಾಪ್‌ಟಾಪು. ತೆಳುವಿಗೆ ಅಂತ ಇಪ್ಪತ್ತು ಸಾವಿರ ಜಾಸ್ತಿ ಕೊಡುವುದು ಸರಿಯಾ?

ಕೊಡಿ. ನಿಮ್ಮಂಥವರಿಗಾಗಿಯೇ ಅದನ್ನು ಮಾಡಿರುವುದು. ನನ್ನ ಹಳೆಯದು 2.3 ಕಿಲೋ ಇತ್ತು, ಅದರ ಚಾರ್ಜರ್ ಇಟ್ಟಂಗಿಯಂಥದ್ದು ಬೇರೆ ಅರ್ಧ ಕಿಲೋ. ಜುಬಿಲಿ ಸರ್ಕಲ್‌ನಲ್ಲಿ ಚಿಗರಿ ಬಸ್ ಹತ್ತಿ, ಸೀಟ್ ಸಿಗದೆ ಬ್ಯಾಗ್ ಎದೆಗೆ ಹಾಕಿಕೊಂಡು ನಿಂತರೆ, ನವನಗರ ಬರುವ ಹೊತ್ತಿಗೆ ಹೆಗಲು ಹಿಡಿದುಕೊಳ್ಳುತ್ತಿತ್ತು. ಈಗ ಒಮ್ಮೊಮ್ಮೆ ಲ್ಯಾಪ್‌ಟಾಪ್ ಇಟ್ಟಿದ್ದೇನಾ ಇಲ್ಲವಾ ಅಂತ ಬ್ಯಾಗ್ ಮುಟ್ಟಿ ನೋಡಿಕೊಳ್ಳುತ್ತೇನೆ. ಚಾರ್ಜರ್ ಸಾಬೂನಿನಷ್ಟಿದೆ, ಅದರಲ್ಲೇ ಫೋನೂ ಚಾರ್ಜ್ ಆಗುತ್ತದೆ.

ಒಂದೇ ಮಾತು, ಅಂಗಡಿಯಲ್ಲಿ ದಪ್ಪ ಕೇಳಬೇಡಿ, ತೂಕ ಕೇಳಿ. ಚಾರ್ಜರ್ ಸೇರಿಸಿ ಕೇಳಿ. ತೆಳು ಅನ್ನುವುದು ಕಣ್ಣಿಗೆ, ಹಗುರ ಅನ್ನುವುದು ಹೆಗಲಿಗೆ. 2008ರ ಜನವರಿಯಲ್ಲಿ ಆಪಲ್ ಕಂಪನಿಯ ಸ್ಟೀವ್ ಜಾಬ್ಸ್ ತಮ್ಮ ತೆಳು ಲ್ಯಾಪ್‌ಟಾಪು, ಮೊದಲ ಮ್ಯಾಕ್‌ಬುಕ್ ಏರ್ ಅನ್ನು ಕಾಗದದ ಲಕೋಟೆಯಿಂದ ಹೊರಗೆ ತೆಗೆದು ತೋರಿಸಿದ್ದು ನೆನಪಿರಬಹುದು, ಆವತ್ತಿನಿಂದ ಶುರುವಾಯಿತು ನೋಡಿ ಈ ಮಿಲಿಮೀಟರ್ ಓಟ. ಅದು ದಪ್ಪ ಇರುವ ಕಡೆ 19.4 ಮಿಲಿಮೀಟರ್ ಇತ್ತು. 2016ರಲ್ಲಿ ಎಚ್‌ಪಿಯವರು 10.4 ಮಿಲಿಮೀಟರ್‌ದು ತಂದರು, 2018ರಲ್ಲಿ ಏಸರ್‌ನವರು 8.98ಕ್ಕೆ ಇಳಿಸಿದರು. ಬಸ್ಸಿನಲ್ಲಿ ನಿಂತವರಿಗೆ ಒಂದು ಮಿಲಿಮೀಟರ್ ವ್ಯತ್ಯಾಸ ಗೊತ್ತೇ ಆಗುವುದಿಲ್ಲ, ಮುನ್ನೂರು ಗ್ರಾಂ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ.

ಇದೇ ಪ್ರಶ್ನೆಯನ್ನು ಇನ್ನೂ ನಾಲ್ಕು ಜನ ಕೇಳಿದ್ದಾರೆ, ಅದರಲ್ಲಿ ಇಬ್ಬರದು ಟೇಬಲ್ ಬಿಟ್ಟು ಏಳದ ಲ್ಯಾಪ್‌ಟಾಪು. ಅವರು ಆ ಇಪ್ಪತ್ತು ಸಾವಿರದಲ್ಲಿ ಒಂದು ಒಳ್ಳೆ ಕುರ್ಚಿ ತಗೊಳ್ಳಲಿ.

ಹೊಸ ಲ್ಯಾಪ್‌ಟಾಪಿನ ಮೇಲೆ ಕೈ ಇಟ್ಟರೆ ಇರುವೆ ಹರಿದಂತೆ ಜುಮ್ ಅನ್ನುತ್ತದೆ. ಅಂಗಡಿಯವರು "ನಿಮ್ಮ ಭ್ರಮೆ ಮೇಡಂ" ಅಂತಾರೆ. ಹಳೆಯದರಲ್ಲಿ ಹೀಗೆ ಆಗುತ್ತಿರಲಿಲ್ಲ. (ಶಿಕ್ಷಕಿ, ಹಾವೇರಿ)

ಭ್ರಮೆ ಅಲ್ಲ ಮೇಡಂ. ನನಗೂ ಆಗಿದೆ. ರಾತ್ರಿ ಹತ್ತು ಗಂಟೆ, ಬರಿಗಾಲು ಫರಶಿಯ ಮೇಲೆ, ಲ್ಯಾಪ್‌ಟಾಪ್ ಚಾರ್ಜಿಗಿದೆ. ಮಣಿಕಟ್ಟು ಅಂಚಿಗೆ ತಾಗಿದ ಕೂಡಲೇ ಸಣ್ಣಗೆ ಚುರುಕ್. ಬೆರಳಿನ ಹಿಂಭಾಗದಿಂದ ಮುಚ್ಚಳವನ್ನು ಹಗುರಾಗಿ ಸವರಿದೆ. ನುಣ್ಣಗಿರಬೇಕಾದ ಲೋಹ ಗರಗರ ಅಂದಿತು, ಒಳಗೆ ಏನೋ ನಡುಗುತ್ತಿರುವ ಹಾಗೆ. ಚಾರ್ಜರ್ ಕಿತ್ತೆ, ಮತ್ತೆ ನುಣ್ಣಗಾಯಿತು. ನೀವೂ ಹೀಗೇ ಮಾಡಿ ನೋಡಿ. ಚಾರ್ಜರ್ ತೆಗೆದ ಕೂಡಲೇ ನಿಂತರೆ ಕಾರಣ ಇದೇ.

ಏನಾಗುತ್ತದೆ ಅಂದರೆ, ಚಾರ್ಜರ್ ಒಳಗೆ ಗೋಡೆಯ 230 ವೋಲ್ಟಿನ ಕಡೆಗೂ ಲ್ಯಾಪ್‌ಟಾಪಿನ ಕಡೆಗೂ ನಡುವೆ ಒಂದು ಪುಟ್ಟ ಕೆಪಾಸಿಟರ್ ಇಟ್ಟಿರುತ್ತಾರೆ. ಚಾರ್ಜರ್ ಮಾಡುವ ವಿದ್ಯುತ್ ಗದ್ದಲ ಅಕ್ಕಪಕ್ಕದ ರೇಡಿಯೋ ಟೀವಿಗೆ ತೊಂದರೆ ಕೊಡದಿರಲಿ ಅಂತ ಅದು ಬೇಕು. ಆ ದಾರಿಯಲ್ಲಿ ಒಂಚೂರು ಕರೆಂಟ್ ಸೋರಿ ಲ್ಯಾಪ್‌ಟಾಪಿನ ಮೈಗೆ ಬರುತ್ತದೆ. ಎಷ್ಟು? ಎರಡು ಪಿನ್ನಿನ ಚಾರ್ಜರಿಗೆ ಸುರಕ್ಷತಾ ನಿಯಮದ ಮಿತಿಯೇ ಒಂದು ಮಿಲಿಆಂಪಿಯರಿಗಿಂತ ಕಡಿಮೆ, ಸರಿಯಾದ ಕಂಪನಿಯ ಚಾರ್ಜರಿನಲ್ಲಿ ಅದಕ್ಕಿಂತ ಕಡಿಮೆಯೇ ಇರುತ್ತದೆ. ಜೀವಕ್ಕೆ ಅಪಾಯವಿಲ್ಲ, ಕಿರಿಕಿರಿ ಮಾತ್ರ. ಹಳೆಯದರಲ್ಲಿ ಗೊತ್ತಾಗುತ್ತಿರಲಿಲ್ಲ ಯಾಕೆ ಅಂದರೆ ಅದರ ಮೈ ಪ್ಲಾಸ್ಟಿಕ್ ಇದ್ದಿರಬೇಕು. ತೆಳು ಮಾಡಬೇಕು, ಬಾಗಬಾರದು ಅಂದರೆ ಹೆಚ್ಚಾಗಿ ಅಲ್ಯುಮಿನಿಯಂನಂಥ ಲೋಹವನ್ನೇ ಬಳಸುತ್ತಾರೆ. ಆ ಲೋಹವೇ ನಿಮಗೆ ಜುಮ್ ಅನ್ನಿಸುತ್ತಿರುವುದು.

ಪರಿಹಾರ ಏನಂದರೆ, ನಿಮ್ಮ ಚಾರ್ಜರಿಗೆ ಮೂರು ಪಿನ್ನಿನ ವೈರ್ ಸಿಗುವಂತಿದ್ದರೆ ಅದನ್ನು ತಗೊಳ್ಳಿ. ಬಹಳಷ್ಟು ಚಾರ್ಜರುಗಳಲ್ಲಿ ಸೋರಿದ್ದು ಅರ್ಥಿಂಗ್ ದಾರಿ ಹಿಡಿದು ನೆಲಕ್ಕೆ ಹೋಗುತ್ತದೆ, ನಿಮ್ಮ ಕೈಗೆ ಬರುವುದಿಲ್ಲ. ನಾನೂ ಮೂರು ಪಿನ್ನಿನದು ತಂದೆ. ಆದರೂ ಜುಮ್ ಹೋಗಲಿಲ್ಲ! ವೈರ್‌ಮನ್ ಬಂದು ಬೋರ್ಡ್ ಬಿಚ್ಚಿದರು. ಮೇಲಿನ ದಪ್ಪ ತೂತಿನ ಹಿಂದೆ ವೈರೇ ಇಲ್ಲ, ಜೇಡರ ಬಲೆ ಇತ್ತು. "ತೂತಷ್ಟ ಐತ್ರಿ ಸರ, ಅರ್ಥಿಂಗ್ ಎಲ್ಲೈತಿ" ಅಂದರು. ನಲವತ್ತು ವರ್ಷದ ಮನೆ, ಕಟ್ಟಿದಾಗಿನಿಂದ ಹಾಗೇ ಇದೆ. ಫ್ರಿಜ್, ಗೀಸರ್ ಎಲ್ಲವನ್ನೂ ಅದೇ ಧೈರ್ಯದ ಮೇಲೆ ಓಡಿಸಿದ್ದೇವೆ. ಹಿತ್ತಲಲ್ಲಿ ಗುಂಡಿ ತೋಡಿಸಿ ಪೈಪ್ ಇಳಿಸಿ ಇದ್ದಿಲು, ಉಪ್ಪು ಹಾಕಿಸಿದ ಮೇಲೆ ಲ್ಯಾಪ್‌ಟಾಪೂ ಸುಮ್ಮನಾಯಿತು, ನನಗೂ ನಿದ್ದೆ ಬಂತು. ನೀವೂ ಒಮ್ಮೆ ಬೋರ್ಡ್ ನೋಡಿಸಿ, ಲ್ಯಾಪ್‌ಟಾಪಿಗಿಂತ ಗೀಸರಿನ ಸಲುವಾಗಿ.

ಜುಮ್ ಅಲ್ಲ, ಕೈ ಒಗೆದಂತೆ ಜೋರಾಗಿ ಹೊಡೆಯುತ್ತದೆ ಅಂದರೆ ಮಾತ್ರ ಆ ಚಾರ್ಜರ್ ಅವತ್ತೇ ಬಿಡಿ. ಅಗ್ಗದ ಡೂಪ್ಲಿಕೇಟ್ ಚಾರ್ಜರ್ ಆಗಿದ್ದರಂತೂ ಯೋಚನೆಯೇ ಬೇಡ.

8 ಜಿಬಿ ರ‍್ಯಾಮ್ ಸಾಕಾ? ಬೇಕಾದರೆ ಆಮೇಲೆ ಹಾಕಿಸಬಹುದಲ್ವಾ? ಮಗಳು ಇಂಜಿನಿಯರಿಂಗ್ ಸೇರಿದ್ದಾಳೆ. (ವಿದ್ಯಾನಗರ, ಹುಬ್ಬಳ್ಳಿ)

16 ತಗೊಳ್ಳಿ. ರ‍್ಯಾಮ್ ಅಂದರೆ ಲ್ಯಾಪ್‌ಟಾಪು ಕೆಲಸ ಮಾಡುವಾಗ ಬಳಸುವ ತಾತ್ಕಾಲಿಕ ನೆನಪು. ಆಮೇಲೆ ಹಾಕಿಸುವುದು ಹೆಚ್ಚಿನ ತೆಳು ಲ್ಯಾಪ್‌ಟಾಪ್‌ಗಳಲ್ಲಿ ಆಗುವುದಿಲ್ಲ. ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ. ಸ್ಲಾಟ್ ಇಟ್ಟರೆ ದಪ್ಪ ಆಗುತ್ತದೆ, ಬೆಸೆದ ರ‍್ಯಾಮು ಬ್ಯಾಟರಿಯನ್ನೂ ಕಡಿಮೆ ತಿನ್ನುತ್ತದೆ. ನನ್ನ ಗೆಳೆಯನೊಬ್ಬ ಕೊಪ್ಪಿಕರ್ ರೋಡಿನ ಒಂದು ಅಂಗಡಿಗೆ ತನ್ನದನ್ನು ಒಯ್ದ. ಹುಡುಗ ಹಿಂದಿನ ತಗಡು ತೆಗೆದು, ಒಳಗೆ ಟಾರ್ಚ್ ಬಿಟ್ಟು ನೋಡಿ, "ಇದರಾಗ ಹಾಕಾಕ ಜಾಗಾನ ಇಲ್ರಿ" ಅಂತ ಮತ್ತೆ ಸ್ಕ್ರೂ ಬಿಗಿದು ಕೊಟ್ಟ. ಒಳಗೆ ಮುಕ್ಕಾಲು ಭಾಗ ಬರೀ ಬ್ಯಾಟರಿ. ಫೈಲು, ಫೋಟೋ ಉಳಿಸಿಡುವ ಎಸ್‌ಎಸ್‌ಡಿಯನ್ನು ಕೆಲವದರಲ್ಲಿ ಬದಲಾಯಿಸಬಹುದು, ಕೆಲವದರಲ್ಲಿ ಅದೂ ಬೆಸೆದಿರುತ್ತದೆ. ಅಂಗಡಿಯಲ್ಲಿ ಇದೊಂದನ್ನು ಕೇಳಿಯೇ ದುಡ್ಡು ಕೊಡಿ. ನಾಲ್ಕು ವರ್ಷದ ಕೋರ್ಸು, ಮೊದಲ ದಿನ ತಗೊಂಡದ್ದರಲ್ಲೇ ಕೊನೆ ಸೆಮಿಸ್ಟರ್ ಪ್ರಾಜೆಕ್ಟೂ ಆಗಬೇಕು.

ಗದಗ-ಬೆಟಗೇರಿಯಲ್ಲಿ ನಮ್ಮದು ಸಣ್ಣ ಪ್ರಿಂಟಿಂಗ್ ಪ್ರೆಸ್. ಮದುವೆ ಸೀಸನ್‌ನಲ್ಲಿ ದಿನಾ ಡಿಟಿಪಿ. ಮಗನ ಮಾತು ಕೇಳಿ ಫ್ಯಾನ್ ಇಲ್ಲದ ತೆಳು ಲ್ಯಾಪ್‌ಟಾಪ್ ತಂದೆ. ಬೆಳಿಗ್ಗೆ ಓಡುತ್ತದೆ, ಮಧ್ಯಾಹ್ನ ತೆವಳುತ್ತದೆ. ವೈರಸ್ ಇರಬಹುದಾ?

ವೈರಸ್ ಅಲ್ಲ, ಬಿಸಿಲು. ಲ್ಯಾಪ್‌ಟಾಪಿನ ಮಿದುಳಾದ ಪ್ರೊಸೆಸರ್ ಕಾಯುತ್ತಾ ಹೋಗಿ 100 ಡಿಗ್ರಿ ಹತ್ತಿರ ಬಂತು ಅಂದರೆ ತನ್ನನ್ನು ತಾನು ಉಳಿಸಿಕೊಳ್ಳಲು ವೇಗ ಇಳಿಸುತ್ತದೆ. ತೆಳು ಲ್ಯಾಪ್‌ಟಾಪಿನಲ್ಲಿ ಮೈ ಬಿಸಿ ಕೈಗೆ ತಾಗಬಾರದು ಅಂತ ಇನ್ನೂ ಮೊದಲೇ ಇಳಿಸುವುದೂ ಉಂಟು. ಫ್ಯಾನ್ ಇದ್ದರೆ ಬಿಸಿಗಾಳಿಯನ್ನು ಹೊರಗೆ ತಳ್ಳುತ್ತದೆ. ಇಲ್ಲದಿದ್ದರೆ ಲೋಹದ ಮೈಯೇ ತಣಿಸಬೇಕು, ಅದು ನಿಧಾನದ ಕೆಲಸ. ಪತ್ರ ಬರೆಯುವವರಿಗೆ, ವೀಡಿಯೋ ನೋಡುವವರಿಗೆ ಇದು ಗೊತ್ತೇ ಆಗುವುದಿಲ್ಲ, ಸದ್ದಿಲ್ಲ, ಧೂಳು ಎಳೆಯುವುದಿಲ್ಲ ಅಂತ ಖುಷಿಯೇ. ನಿಮ್ಮದು ಹಾಗಲ್ಲವಲ್ಲ. ಬೆಳಿಗ್ಗೆಯಿಂದ ಸಂಜೆತನಕ ದೊಡ್ಡ ಫೈಲು, ಫೋಟೋ, ನಡುನಡುವೆ ಪಿಡಿಎಫ್.

ಇನ್ನೊಂದು ವಿಷಯ. ಎಷ್ಟೋ ಲ್ಯಾಪ್‌ಟಾಪ್‌ಗಳ ಜೊತೆ ಬರುವ ಕಾಗದದಲ್ಲಿ ಕೋಣೆಯ ಉಷ್ಣತೆ 35 ಡಿಗ್ರಿವರೆಗೆ ಇರಬಹುದು ಅಂತ ಬರೆದಿರುತ್ತದೆ. ಏಪ್ರಿಲ್ ಮಧ್ಯಾಹ್ನ ಗದಗದಲ್ಲಿ ತಗಡಿನ ಶೆಡ್ಡಿನ ಕೆಳಗೆ ಎಷ್ಟಿರುತ್ತದೆ ಅಂತ ನಾನು ನಿಮಗೆ ಹೇಳಬೇಕಾಗಿಲ್ಲ. ಗದಗದಲ್ಲಿ ಗಾಳಿಗೇನೂ ಕೊರತೆ ಇಲ್ಲ, ಗಾಳಿ ಗಿರಣಿಗಳೇ ಸಾಲಾಗಿ ನಿಂತಿವೆ, ಆದರೆ ಆ ಗಾಳಿ ಈ ಪೆಟ್ಟಿಗೆಗೆ ತಾಗಬೇಕಲ್ವಾ. ಕೆಳಗೆ ನಾಲ್ಕು ಮೂಲೆಗೆ ಬಾಟಲಿಯ ಮುಚ್ಚಳ ಕೊಟ್ಟು ಎತ್ತರಿಸಿ, ಟೇಬಲ್ ಫ್ಯಾನ್ ಪಕ್ಕಕ್ಕೆ ತಿರುಗಿಸಿ, ಸ್ವಲ್ಪ ವ್ಯತ್ಯಾಸ ಕಾಣುತ್ತದೆ. ಮನೆಯಲ್ಲಿ ಕೌದಿಯ ಮೇಲಿಟ್ಟು ಮಾತ್ರ ಕೆಲಸ ಮಾಡಬೇಡಿ, ಯಾರೂ. ಕೌದಿ ಬಿಸಿಯನ್ನು ಹಿಡಿದಿಡುವುದಕ್ಕೇ ಹೊಲಿದದ್ದು.

ನಿಜ ಹೇಳಬೇಕೆಂದರೆ ನಿಮ್ಮ ಪ್ರೆಸ್ಸಿಗೆ ದಪ್ಪ ಡೆಸ್ಕ್‌ಟಾಪೇ ಸರಿ. ತೆಳುವನ್ನು ಮಗನಿಗೆ ಕೊಟ್ಟುಬಿಡಿ, ತರಿಸಿದವನು ಅವನೇ ತಾನೇ.

ಲ್ಯಾಪ್‌ಟಾಪ್ ಮುಚ್ಚಿ ಬ್ಯಾಗಿಗೆ ಹಾಕಿದೆ. ಟೋಲ್ ನಾಕಾ ಬರುವಷ್ಟರಲ್ಲಿ ಬ್ಯಾಗ್ ಇಸ್ತ್ರಿ ಪೆಟ್ಟಿಗೆ ಆಗಿತ್ತು. ಬ್ಯಾಟರಿ 90ರಿಂದ 40ಕ್ಕೆ ಇಳಿದಿತ್ತು. ಕೆಟ್ಟಿದೆಯಾ?

ಕೆಟ್ಟಿಲ್ಲ, ನಿದ್ದೆ ಮಾಡಿಲ್ಲ ಅಷ್ಟೇ. ಮೊದಲಿನ ಲ್ಯಾಪ್‌ಟಾಪ್ ಮುಚ್ಚಿದರೆ ಸತ್ತಂತೆ ಮಲಗುತ್ತಿತ್ತು. ಈಗಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಫೋನಿನ ಹಾಗೆ, ಒಂದು ಕಣ್ಣು ತೆರೆದುಕೊಂಡೇ ಮಲಗುತ್ತವೆ. ಇದಕ್ಕೆ ಮಾಡರ್ನ್ ಸ್ಟ್ಯಾಂಡ್‌ಬೈ ಅಂತಾರೆ. ನಡುವೆ ಮೇಲ್ ಬಂತು, ಅಪ್‌ಡೇಟ್ ಬಂತು ಅಂತ ಎದ್ದು ಕೆಲಸ ಶುರುಮಾಡಿದರೆ, ಬ್ಯಾಗಿನೊಳಗೆ ಗಾಳಿ ಎಲ್ಲಿಂದ ಬರಬೇಕು. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಷನ್ಸ್‌ಗೆ ಹೋಗಿ, ಮುಚ್ಚಳ ಮುಚ್ಚಿದಾಗ ಏನು ಮಾಡಬೇಕು ಅನ್ನುವ ಕಡೆ ಹೈಬರ್ನೇಟ್ ಅಂತ ಇಡಿ, ಆಗ ತೆರೆದಿಟ್ಟ ಕೆಲಸವನ್ನು ಉಳಿಸಿಕೊಂಡು ಪೂರ್ತಿ ಮಲಗುತ್ತದೆ. ತೆರೆದಾಗ ಎಚ್ಚರಾಗಲು ಹತ್ತು ಹದಿನೈದು ಸೆಕೆಂಡ್ ಜಾಸ್ತಿ ಹಿಡಿಯುತ್ತದೆ, ಪರವಾಗಿಲ್ಲ.

ಗೋಕುಲ್ ರೋಡಿನಲ್ಲಿ ನನ್ನದು ತೆರಿಗೆ ಸಲಹೆಯ ಕಚೇರಿ. ಹೊಸದರಲ್ಲಿ ಬರೀ ಎರಡು ಟೈಪ್-ಸಿ ತೂತು. ಪೆನ್‌ಡ್ರೈವ್, ಪ್ರಿಂಟರ್, ಡಿಜಿಟಲ್ ಸಹಿಯ ಟೋಕನ್, ಎಲ್ಲ ಹಳೇ ನಮೂನೆಯವು. ಏನು ಮಾಡಲಿ?

ಒಂದು ಹಬ್ ತಗೊಳ್ಳಿ, ಅಂದರೆ ಒಂದು ಟೈಪ್-ಸಿ ತೂತಿಗೆ ಸಿಕ್ಕಿಸಿದರೆ ಹಳೇ ನಮೂನೆಯ ಹಲವು ತೂತು ಕೊಡುವ ಪುಟ್ಟ ಡಬ್ಬಿ. ಚಾರ್ಜರನ್ನೂ ಅದಕ್ಕೇ ಸಿಕ್ಕಿಸಲು ಬರುವಂಥದ್ದು, ಇಲ್ಲವಾದರೆ ಇರುವ ಎರಡರಲ್ಲಿ ಒಂದನ್ನು ಚಾರ್ಜರೇ ತಿನ್ನುತ್ತದೆ. ಹಬ್ ಸದಾ ಬ್ಯಾಗಿನಲ್ಲಿರಲಿ. ತೆಳು ಲ್ಯಾಪ್‌ಟಾಪ್ ತಗೊಂಡವರ ಬ್ಯಾಗಿನಲ್ಲಿ ಒಂದು ಬಾಲ ಇದ್ದೇ ಇರುತ್ತದೆ, ಇದು ಆ ಮಿಲಿಮೀಟರ್‌ಗಳಿಗೆ ಕೊಡುವ ಬಾಡಿಗೆ.

ಟೈಪ್-ಸಿ ತೂತುಗಳು ನೋಡಲು ಎಲ್ಲಾ ಒಂದೇ, ಗುಣ ಬೇರೆ. ಕೆಲವದರಲ್ಲಿ ಚಾರ್ಜ್ ಆಗುತ್ತದೆ ಆದರೆ ಚಿತ್ರ ಹೊರಗೆ ಬರುವುದಿಲ್ಲ, ಕೆಲವದರಲ್ಲಿ ಎರಡೂ ಆಗುತ್ತವೆ. ಪ್ರೊಜೆಕ್ಟರಿಗೆ ಜೋಡಿಸುವವರು ಪಕ್ಕದ ಚಿಹ್ನೆ ನೋಡಿ, ಇಲ್ಲಾ ಅಂಗಡಿಯಲ್ಲೇ ಜೋಡಿಸಿ ತೋರಿಸಿ ಅನ್ನಿ. ಎಷ್ಟೋ ಕಾಲೇಜುಗಳಲ್ಲಿ ಇನ್ನೂ ನೀಲಿ ಬಣ್ಣದ ವಿಜಿಎ ಪಿನ್ನೇ ನೇತಾಡುತ್ತಿದೆ, ಅದಕ್ಕೆ ಮತ್ತೊಂದು ಬಾಲ.

ನಿಮಗೆ ಮುಖ್ಯವಾಗಿ ಹೇಳಬೇಕಾದ್ದು ಟೋಕನ್ ವಿಷಯ. 2024ರಿಂದ ಸ್ನಾಪ್‌ಡ್ರಾಗನ್ ಎಕ್ಸ್ ಚಿಪ್ಪಿನ ವಿಂಡೋಸ್ ಲ್ಯಾಪ್‌ಟಾಪ್‌ಗಳು ಬಂದಿವೆ. ತೆಳು, ತಣ್ಣಗೆ, ಬ್ಯಾಟರಿ ಬಹಳ ಹೊತ್ತು. ಆದರೆ ಒಳಗಿನ ಚಿಪ್ಪಿನ ಭಾಷೆ ಬೇರೆ. ಇಂಟೆಲ್, ಎಎಂಡಿಗೆ ಬರೆದ ಸಾಫ್ಟ್‌ವೇರನ್ನು ಅನುವಾದ ಮಾಡಿಕೊಂಡು ಓಡಿಸುತ್ತವೆ, ಪ್ರಿಂಟರ್, ಟೋಕನ್‌ಗಳನ್ನು ಲ್ಯಾಪ್‌ಟಾಪಿನ ಜೊತೆ ಮಾತಾಡಿಸುವ ಡ್ರೈವರ್ ಅನ್ನುವ ಸಾಫ್ಟ್‌ವೇರ್‌ಗಳನ್ನು ಮಾತ್ರ ಹಾಗೆ ಓಡಿಸಲು ಬರುವುದಿಲ್ಲ. ನಿಮ್ಮ ಟೋಕನ್ನಿಗೋ ಹಳೇ ಪ್ರಿಂಟರಿಗೋ ಆ ಚಿಪ್ಪಿನ ಡ್ರೈವರ್ ಇಲ್ಲದಿದ್ದರೆ ಹಬ್ ಎಷ್ಟೇ ಒಳ್ಳೆಯದಿದ್ದರೂ ಉಪಯೋಗವಿಲ್ಲ. ಜುಲೈ ಕೊನೆ ವಾರ ರಿಟರ್ನ್ ತುಂಬುವಾಗ ಇದು ಗೊತ್ತಾಗುವುದು ಬೇಡ.

ಬಿದ್ದಿಲ್ಲ, ಬಡಿದಿಲ್ಲ, ಆದರೂ ಬೆಳಿಗ್ಗೆ ತೆರೆದರೆ ಪರದೆಯಲ್ಲಿ ಬಿರುಕು. ಅಂಗಡಿಯವರು ವಾರಂಟಿ ಇಲ್ಲ ಅಂದರು. (ಕುಂದಗೋಳ)

ಮುಚ್ಚುವಾಗ ನಡುವೆ ಏನಿತ್ತು ನೆನಪಿಸಿಕೊಳ್ಳಿ. ಇಯರ್‌ಫೋನ್? ಪೆನ್ನು? ಒಂದು ಅಕ್ಕಿ ಕಾಳೂ ಸಾಕು. ತೆಳು ಲ್ಯಾಪ್‌ಟಾಪ್ ಮುಚ್ಚಿದರೆ ಪರದೆಗೂ ಕೀಲಿಗಳಿಗೂ ನಡುವೆ ಜಾಗವೇ ಇರುವುದಿಲ್ಲ. ಕ್ಯಾಮೆರಾಕ್ಕೆ ಅಂಟಿಸುವ ಪ್ಲಾಸ್ಟಿಕ್ ಮುಚ್ಚಳದ ಬಗ್ಗೆ ಆಪಲ್‌ನವರೇ 2020ರಲ್ಲಿ ಎಚ್ಚರಿಸಿದ್ದರು, 0.1 ಮಿಲಿಮೀಟರ್‌ಗಿಂತ ದಪ್ಪದ್ದು ಇಟ್ಟು ಮುಚ್ಚಬೇಡಿ ಅಂತ. ಅಂದರೆ ಬರೆಯುವ ಹಾಳೆಯಷ್ಟು. ಒಂದು ಮೂಲೆ ಹಿಡಿದು ತೆರೆಯುವ ಚಾಳಿಯೂ ಬೇಡ, ನಡುಮಧ್ಯ ಹಿಡಿದು ತೆರೆಯಿರಿ. ಅವ್ವ ಹೇಳಿದ ಖಡಕ್ ರೊಟ್ಟಿ ಇಲ್ಲಿ ನಿಜವಾಗುತ್ತದೆ.

ಮಹಾನವಮಿಯ ಆಯುಧ ಪೂಜೆ ದಿನ ನಮ್ಮ ಮನೆಯಲ್ಲಿ ಲ್ಯಾಪ್‌ಟಾಪಿಗೂ ವಿಭೂತಿ, ಕುಂಕುಮ, ಮೇಲೊಂದು ಚೆಂಡು ಹೂ ಇಡುತ್ತಾರೆ. ಮುಚ್ಚಳದ ಮೇಲೆ ಎಷ್ಟು ಬೇಕಾದರೂ ಹಚ್ಚಲಿ. ಒಳಗೆ ಕೀಲಿಗಳ ಮೇಲೆ ಮಾತ್ರ ಬೇಡ ಅಂತ ಕೈಮುಗಿದು ಹೇಳಿದ್ದೇನೆ. ಕುಂಕುಮದ ಪುಡಿ ಈ ಗಿಡ್ಡ ಕೀಲಿಗಳ ಕೆಳಗೆ ಹೋದರೆ ಮುಂದಿನ ದಸರೆತನಕ ಅಲ್ಲೇ ಇರುತ್ತದೆ.

ಸದಾ ಚಾರ್ಜಿಗೆ ಹಾಕಿಟ್ಟರೆ ಬ್ಯಾಟರಿ ಹಾಳಾಗುತ್ತದಾ? ನಮ್ಮಲ್ಲಿ ಕರೆಂಟ್ ಯಾವಾಗ ಹೋಗುತ್ತದೋ ಹೇಳಲು ಬರುವುದಿಲ್ಲ. (ರಾಣೆಬೆನ್ನೂರು)

ನೂರಕ್ಕೆ ನೂರು ತುಂಬಿ, ಬಿಸಿಯಲ್ಲೂ ಇಟ್ಟರೆ ಲಿಥಿಯಂ ಬ್ಯಾಟರಿ ಬೇಗ ಮುಪ್ಪಾಗುತ್ತದೆ. ಈಗಿನ ಹೆಚ್ಚಿನವುಗಳಲ್ಲಿ 80ಕ್ಕೆ ನಿಲ್ಲಿಸುವ ಸೆಟ್ಟಿಂಗ್ ಇದೆ, ಕಂಪನಿಯದೇ ಆ್ಯಪ್‌ನಲ್ಲಿ ಹುಡುಕಿ ಹಾಕಿಡಿ. 80 ಇದ್ದರೂ ಕರೆಂಟ್ ಹೋದಾಗ ಮೂರ್ನಾಲ್ಕು ತಾಸು ಹೇಗೂ ನಡೆಯುತ್ತದೆ. ಎಲ್ಲಾದರೂ ದೂರ ಹೋಗುವ ಹಿಂದಿನ ರಾತ್ರಿ ಪೂರ್ತಿ ತುಂಬಿಸಿದರಾಯಿತು.

ಒಂದು ಲಕ್ಷಣ ಮಾತ್ರ ಗಮನಿಸುತ್ತಿರಿ. ತೆಳು ಲ್ಯಾಪ್‌ಟಾಪಿನ ಬ್ಯಾಟರಿ ಗಟ್ಟಿ ಡಬ್ಬಿಯಲ್ಲಿರುವುದಿಲ್ಲ, ಮೆತ್ತನೆ ಚೀಲದಂತಿರುತ್ತದೆ, ಕೆಟ್ಟರೆ ಒಳಗೆ ಗ್ಯಾಸ್ ತುಂಬಿ ಪೂರಿಯಂತೆ ಉಬ್ಬುತ್ತದೆ. ಟಚ್‌ಪ್ಯಾಡ್ ಒತ್ತಲು ಬಿಗಿ ಆಗುವುದು, ಟೇಬಲ್ ಮೇಲೆ ಇಟ್ಟರೆ ಅಲುಗಾಡುವುದು, ಮುಚ್ಚಳ ಪೂರ್ತಿ ಕೂರದಿರುವುದು, ಇವು ಅದರ ಗುರುತು. ಕಂಡ ಕೂಡಲೇ ಆಫ್ ಮಾಡಿ, ಚಾರ್ಜರ್ ಕೀಳಿ, ರಿಪೇರಿಯವರ ಹತ್ತಿರ ಒಯ್ಯಿರಿ. ಒತ್ತಿ ಕೂರಿಸಲು ಹೋಗಬೇಡಿ, ಚುಚ್ಚಿದರೆ ಬೆಂಕಿ ಹತ್ತುತ್ತದೆ.

ಯಾವ ಬಣ್ಣ ತಗೊಳ್ಳಲಿ? (ಹಾನಗಲ್)

ಬೆಳ್ಳಿ ಬಣ್ಣ. ಕಪ್ಪಿನ ಮೇಲೆ ಮಿರ್ಚಿ ತಿಂದ ಬೆರಳಿನ ಗುರುತು ವಾರಗಟ್ಟಲೆ ಕಾಣುತ್ತದೆ, ಗಿರ್ಮಿಟ್ ತಿಂದವರದಂತೂ ಕೇಳಲೇಬೇಡಿ.

ಹೊಸದು ತಗೊಂಡ ಮೇಲೆ ಹಳೆಯದನ್ನು ಏನು ಮಾಡಿದಿರಿ? ನನ್ನ ಹತ್ತಿರವೂ ಒಂದಿದೆ, ಎಕ್ಸ್‌ಚೇಂಜ್‌ಗೆ ಎರಡು ಸಾವಿರ ಅಂತಾರೆ. (ಧಾರವಾಡ)

ಎರಡು ಸಾವಿರಕ್ಕೆ ಕೊಡಬೇಡಿ. ವಿಂಡೋಸ್ 10ಕ್ಕೆ ಕಂಪನಿಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು, ಅದಕ್ಕೇ ಹಳೆಯವುಗಳಿಗೆ ಬೆಲೆ ಬಿದ್ದಿದೆ. ನಾನು ನನ್ನ 2.3 ಕಿಲೋದ ಭೀಮನನ್ನು ಬಿಚ್ಚಿದೆ. ಹಿಂದೆ ಒಂದೇ ಒಂದು ಸ್ಕ್ರೂ, ತೆಗೆದರೆ ರ‍್ಯಾಮ್ ಸ್ಲಾಟ್ ಎದುರಿಗೇ! ಹಳೇ ಹಾರ್ಡ್‌ಡಿಸ್ಕ್ ತೆಗೆದು ಎಸ್‌ಎಸ್‌ಡಿ ಹಾಕಿದೆ, 4 ಜಿಬಿ ಇದ್ದ ರ‍್ಯಾಮನ್ನು 8 ಮಾಡಿದೆ, ವಿಂಡೋಸ್ ಬದಲು ಪುಕ್ಕಟೆ ಸಿಗುವ ಲಿನಕ್ಸ್ ಹಾಕಿದೆ. ಅರ್ಧ ತಾಸಿನ ಕೆಲಸ. ಈಗ ಅದು ಪಡಸಾಲೆಯ ಟೇಬಲ್ ಮೇಲಿದೆ, ಅವ್ವ ದಿನಾ ಸಂಜೆ ಅದರಲ್ಲಿ ಭಜನೆ ಹಚ್ಚಿಕೊಂಡು ಕೂರುತ್ತಾಳೆ. ತೆಳುವನ್ನು ಮಾತ್ರ ಇವತ್ತಿಗೂ ಮುಟ್ಟುವುದಿಲ್ಲ.